ಮರಳು ಕಾಗದ ಮತ್ತು ಮರದ ಧೂಳು

ಹಳೆಯ ಮೇಜಿನ ಡ್ರಾಯರಿಗೆ ಹೊಸದಾಗಿ ಪಾಲಿಶ್ ಕೊಡುವ ಮುನ್ನ ಬಡಗಿ ಅದನ್ನು ಮರಳು ಕಾಗದದಿಂದ ಉಜ್ಜುವುದನ್ನು ನೀವು ನೋಡಿರಬಹುದು. 80ನೇ ನಂಬರಿನ ಒರಟು ಕಾಗದದಿಂದ ಹಳೆಯ ವಾರ್ನಿಷ್ ತೆಗೆದು, 120, 180, 220 ಎಂದು ನಯವಾದ ಕಾಗದಗಳಿಗೆ ಸಾಗುತ್ತಾನೆ. ನಂಬರು ಹೆಚ್ಚಿದಂತೆ ಕಣ ಸಣ್ಣದಾಗುತ್ತದೆ. 120ರ ಕಣದ ಗಾತ್ರ ಸುಮಾರು 0.12 ಮಿ.ಮೀ. ಪ್ರತಿ ಕಾಗದದ ಕೆಲಸ ಹಿಂದಿನದು ಬಿಟ್ಟ ಗೀರುಗಳನ್ನು ಅಳಿಸುವುದು. ಮರದ ಎಳೆಗೆ ಅಡ್ಡಲಾಗಿ ಬಿದ್ದ ಗೀರು ಆಗ ಕಾಣದಿದ್ದರೂ ಪಾಲಿಶ್ ಬಿದ್ದೊಡನೆ ಎದ್ದು ಕಾಣುತ್ತದೆ. ಹೀಗೆ ಸವೆದ ಮರವೆಲ್ಲ ಧೂಳಾಗಿ ಗಾಳಿಗೆ ಸೇರುತ್ತದೆ.

ಈ ಕಾಗದ ಬರುವ ಮೊದಲು ಶಾರ್ಕ್ ಮೀನಿನ ಒರಟು ಚರ್ಮವನ್ನೂ ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಈಕ್ವಿಸೀಟಮ್‌ನ ಕಾಂಡವನ್ನೂ ಬಳಸುತ್ತಿದ್ದರು. ಆ ಕಾಂಡದಲ್ಲಿರುವ ಸಿಲಿಕವೇ ಉಜ್ಜುವ ಕೆಲಸ ಮಾಡುತ್ತದೆ. 1833ರಲ್ಲಿ ಲಂಡನ್ನಿನ ಜಾನ್ ಓಕಿ ಗಾಜಿನ ಪುಡಿ ಅಂಟಿಸಿದ ಕಾಗದದ ತಯಾರಿಕೆ ಆರಂಭಿಸಿದ. ಮರುವರ್ಷ ಅಮೆರಿಕದ ಐಸಾಕ್ ಫಿಷರ್ ಮರಳು ಕಾಗದಕ್ಕೆ ಪೇಟೆಂಟ್ ಪಡೆದ.

ಮುಂದಿನ ಚರಿತ್ರೆ ಬಹುಮಟ್ಟಿಗೆ ಕಾಠಿಣ್ಯದ ಹುಡುಕಾಟ. ಮೋಸ್ ಮಾನದಲ್ಲಿ ಗಾಜು ಸುಮಾರು 5.5, ಕ್ವಾರ್ಟ್ಸ್ 7, ಕುರುಂದ 9. (ಇಂಗ್ಲಿಷಿನ 'ಕೊರಂಡಮ್' ನಮ್ಮ ದಕ್ಷಿಣದ ಈ ಪದದಿಂದಲೇ ಹೋದದ್ದು.) 1891ರಲ್ಲಿ ಎಡ್ವರ್ಡ್ ಅಚಿಸನ್ ವಿದ್ಯುತ್ ಕುಲುಮೆಯಲ್ಲಿ ಇನ್ನೂ ಗಟ್ಟಿಯಾದ ಸಿಲಿಕಾನ್ ಕಾರ್ಬೈಡನ್ನು ಪಡೆದ. 1902ರಲ್ಲಿ ಮಿನ್ನೆಸೋಟದಲ್ಲಿ ಕುರುಂದ ಅಗೆಯಲೆಂದೇ ಒಂದು ಕಂಪನಿ ಹುಟ್ಟಿತು. ಸಿಕ್ಕಿದ್ದು ಕುರುಂದವಲ್ಲ, ಅನಾರ್ಥೊಸೈಟ್ ಎಂಬ ಫೆಲ್ಡ್‌ಸ್ಪಾರ್ ಶಿಲೆ; ಕಾಠಿಣ್ಯ ಬರೀ 6. ಗಣಿ ಕೈಕೊಟ್ಟ ಮೇಲೆ ಆ ಕಂಪನಿ ಮರಳು ಕಾಗದದ ತಯಾರಿಕೆಗೆ ಇಳಿಯಿತು. ಇಂದಿನ 3ಎಂ ಅದೇ.

ಧೂಳಿಗೆ ಒಂದು ಪರಿಹಾರವೂ ಇದೇ ಕಂಪನಿಯಿಂದ ಬಂತು. ಫಿಲಡೆಲ್ಫಿಯಾದ ಶಾಯಿ ತಯಾರಕ ಫ್ರಾನ್ಸಿಸ್ ಓಕಿ (ಲಂಡನ್ನಿನವನಲ್ಲ) ರೂಪಿಸಿದ, ನೀರಿನಲ್ಲಿ ಬಿಚ್ಚಿಕೊಳ್ಳದ ಕಾಗದವನ್ನು ಅದು 1921ರಲ್ಲಿ ಮಾರುಕಟ್ಟೆಗೆ ತಂದಿತು. ಮೋಟಾರು ಕಾರಿನ ಬಣ್ಣವನ್ನು ಒದ್ದೆಯಾಗಿ ಉಜ್ಜಿದಾಗ ಧೂಳು ಹಾರದೆ ನೀರಿನೊಂದಿಗೆ ಹರಿದುಹೋಯಿತು. ಆದರೆ ಮರಕ್ಕೆ ಈ ಉಪಾಯ ಸರಿಹೊಂದದು. ಬರಿಯ ಮರ ನೀರು ಕುಡಿದರೆ ಎಳೆಗಳು ಉಬ್ಬಿ ಮೇಲೇಳುತ್ತವೆ. ಡ್ರಾಯರಿನ ಪಕ್ಕದ ಹಲಗೆಗಳು ಊದಿಕೊಂಡರೆ ಅದು ತನ್ನ ಜಾಗದಲ್ಲಿ ಸರಿಯುವುದೂ ಇಲ್ಲ. ಬಡಗಿ ಒಣ ಧೂಳಿನಲ್ಲೇ ಉಳಿದ.

ಇದರ ಪರಿಣಾಮ ಸ್ಪಷ್ಟವಾದದ್ದು ಕುರ್ಚಿ ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಹೈ ವಿಕಂಬ್ ಪಟ್ಟಣದಲ್ಲಿ. ಅಲ್ಲಿನ ಕಿವಿ, ಮೂಗು, ಗಂಟಲು ತಜ್ಞೆ ಎಸ್ಮೆ ಹ್ಯಾಡ್‌ಫೀಲ್ಡ್ ಮೂಗಿನ ಒಂದು ಅಪರೂಪದ ಕ್ಯಾನ್ಸರನ್ನು ಪೀಠೋಪಕರಣ ಕೆಲಸಗಾರರಲ್ಲಿ ಮತ್ತೆ ಮತ್ತೆ ಕಂಡರು. ಅವರೂ ಡೊನಾಲ್ಡ್ ಅಚಿಸನ್ (ಕುಲುಮೆಯ ಅಚಿಸನ್ ಅಲ್ಲ, ಈ ಚರಿತ್ರೆಯಲ್ಲಿ ಹೆಸರುಗಳು ಮರುಕಳಿಸುವುದು ವಿಚಿತ್ರ) ಮತ್ತಿತರರೂ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ನಂಟನ್ನು ಪ್ರಕಟಿಸಿದರು.

ಶ್ವಾಸಕೋಶ ಬಿಟ್ಟು ಮೂಗೇ ಏಕೆ? ಉತ್ತರ ಭೌತಶಾಸ್ತ್ರದಲ್ಲಿದೆ. ಮೂಗಿನೊಳಗೆ ಗಾಳಿ ಥಟ್ಟನೆ ತಿರುವು ತೆಗೆದುಕೊಳ್ಳುತ್ತದೆ. 10 ಮೈಕ್ರೊಮೀಟರಿಗಿಂತ ದೊಡ್ಡ ಕಣಗಳಲ್ಲಿ ಹೆಚ್ಚಿನವು ಜಡತ್ವದಿಂದಾಗಿ ತಿರುಗಲಾರದೆ ಒದ್ದೆ ಗೋಡೆಗೆ ಬಡಿದು ಅಂಟುತ್ತವೆ. ಶ್ವಾಸಕೋಶವನ್ನು ಕಾಯುವ ಅಂಗವೇ ಹೊರೆ ಹೊರಬೇಕಾಯಿತು. ರೋಗ ತಲೆದೋರಲು ದಶಕಗಳೇ ಹಿಡಿಯುವುದರಿಂದ ಧೂಳಿನ ಮೇಲೆ ಯಾರಿಗೂ ಸುಲಭವಾಗಿ ಸಂಶಯ ಬರುವಂತಿರಲಿಲ್ಲ. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮಾನವರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಶಾಲೆಯ ಹಳೆಯ ಮೇಜುಗಳನ್ನು ವಿದ್ಯಾರ್ಥಿಗಳಿಂದ ಉಜ್ಜಿಸುವ ಶಿಕ್ಷಕರು ಒಂದು ರೂಢಿಯನ್ನು ಗಮನಿಸಬೇಕು. ಡ್ರಾಯರಿನ ಮೂಲೆಯಲ್ಲಿ ಕುಳಿತ ಧೂಳನ್ನು ಬಾಯಿಂದ ಊದಿ ತೆಗೆಯುತ್ತಾರೆ. ಮೂರು ಕಡೆ ಗೋಡೆಯಿರುವ ಆ ಮೂಲೆಯಿಂದ ಧೂಳು ನೇರ ಮುಖಕ್ಕೇ ಮರಳುತ್ತದೆ. ಕೆಲಸ ಬಯಲಿನಲ್ಲಿ ನಡೆಯಲಿ, ಮೂಗಿಗೆ ಮಾಸ್ಕ್ ಇರಲಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಅಂಥದ್ದನ್ನು ಮಕ್ಕಳ ಕೈಗೆ ಕೊಡಲೇಬಾರದು. ಮೂಲೆಯ ಧೂಳನ್ನು ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಮರ ಪೂರ್ತಿ ಒಣಗಿದ ಮೇಲೆ ಪಾಲಿಶ್ ಹಚ್ಚಬಹುದು.