ಪುಣೆಯಲ್ಲಿ ಎಲ್ಲಿ ಇಳ್ಕೊಳ್ಳೋದು? ಒಂದು ಹಳೇ ಪ್ರಶ್ನೆಯ ಚರಿತ್ರೆ

ಪುಣೆಗೆ ಹೊರಟವರು ನನ್ನನ್ನು ಕೇಳೋದು ಸಾಮಾನ್ಯವಾಗಿ ಒಂದೇ ಮಾತು: "ಅಲ್ಲಿ ಎಲ್ಲಿ ಇಳ್ಕೊಂಡ್ರೆ ಒಳ್ಳೇದು?" ಮೊಬೈಲ್ ತೆಗೆದರೆ ನೂರಾರು ಲಾಡ್ಜು, ಗೆಸ್ಟ್ ಹೌಸು, ಅವುಗಳ ರೇಟು, ಫೋಟೋ ಎಲ್ಲ ಸಿಗುತ್ತೆ. ಆದರೆ ಒಂದು ಕೆಲಸ ಮಾಡಿ. ಆ ಪಟ್ಟಿಯನ್ನು ನಕ್ಷೆಯ ಮೇಲೆ ಹರಡಿ ನೋಡಿ. ಮುಠಾ ನದಿಯ ಬಲದಂಡೆಯ ಹಳೇ ಪೇಠೆಗಳಲ್ಲಿ ಒಂದು ಗುಂಪು. ಸ್ಟೇಷನ್ನು ಮತ್ತು ಕ್ಯಾಂಪಿನ ಸುತ್ತ ಇನ್ನೊಂದು. ಹೊಳೆ ದಾಟಿದರೆ ಡೆಕ್ಕನ್ ಜಿಮ್ಖಾನಾ, ಫರ್ಗ್ಯೂಸನ್ ಕಾಲೇಜು ರಸ್ತೆಯ ಕಡೆ ಮತ್ತೊಂದು. ಈ ಗುಂಪುಗಳು ಆಕಸ್ಮಿಕವಾಗಿ ಆದವಲ್ಲ. ಬಹಳ ಕಾಲ ಈ ಊರಲ್ಲಿ "ಎಲ್ಲಿ ಇಳ್ಕೊಳ್ಳೋದು" ಅನ್ನೋದಕ್ಕಿಂತ ಮೊದಲು "ನನ್ನನ್ನು ಯಾರು ಇಳಿಸ್ಕೊಳ್ತಾರೆ" ಅಂತ ಕೇಳಬೇಕಿತ್ತು. ಇವತ್ತಿನ ಮಾತು ಅದರ ಬಗ್ಗೆ. ನಡುವೆ ನಮ್ಮ ಕನ್ನಡ ನಾಡಿನಲ್ಲಿ ಹುಟ್ಟಿದ ಇಬ್ಬರು ಬರ್ತಾರೆ. ಅವರಿಗೋಸ್ಕರಾನೇ ಈ ವಿಷಯ ತಗೊಂಡಿದ್ದು ಅಂದರೂ ಸರಿ.

ಊರಿನ ಹಳಮೆಯನ್ನು ಬೇಗ ಹೇಳಿ ಮುಂದೆ ಹೋಗ್ತೀನಿ. ಪುಣೆಯ ಹೆಸರು ಮೊದಲು ಸಿಗೋದು ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ತಾಮ್ರಪಟಗಳಲ್ಲಿ. 758ನೇ ಇಸವಿಯದರಲ್ಲಿ ಪುಣ್ಯವಿಷಯ, 768ರದರಲ್ಲಿ ಪುಣಕ ವಿಷಯ. ಜಂಗಲಿ ಮಹಾರಾಜ ರಸ್ತೆಯಲ್ಲಿರುವ ಪಾತಾಳೇಶ್ವರ ಗುಹಾಲಯವೂ ಆ ಶತಮಾನದ್ದೇ. ಮುಳಾ ಮತ್ತು ಮುಠಾ ಸೇರುವ ಸಂಗಮ, ದಂಡೆಯ ಮೇಲೊಂದು ಕಸಬಾ, ಇಷ್ಟೇ ಊರು. ಅದು ದೊಡ್ಡದಾದದ್ದು ಪೇಶ್ವೆಗಳ ಕಾಲದಲ್ಲಿ, 1730ರ ಹೊತ್ತಿಗೆ ಶನಿವಾರವಾಡೆ ಎದ್ದ ಮೇಲೆ.

ಪೇಶ್ವೆಗಳ ಪುಣೆಗೆ ಬಂದವನಿಗೆ ದುಡ್ಡು ಕೊಟ್ಟು ಕೋಣೆ ಹಿಡಿಯೋದು ರೂಢಿಯ ಮಾತಾಗಿರಲಿಲ್ಲ. ನೆಂಟರ ವಾಡೆ, ಇಲ್ಲದಿದ್ದರೆ ದೇವಸ್ಥಾನದ ಪೌಳಿ, ಇಲ್ಲವೇ ನದಿ ಘಾಟು. ವಾಡೆ ಅಂದರೆ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ, ನಮ್ಮ ದೇಸಾಯರ ವಾಡೇನೇ. ದಿಂಡಿ ಬಾಗಿಲು, ನಡುವೆ ಚೌಕ, ಸುತ್ತ ಪಡಸಾಲೆ. ಹೊರಗಿನವನು ಎಷ್ಟು ಒಳಗೆ ಬರಬಹುದು ಅನ್ನೋದನ್ನು ಆ ಕಟ್ಟಡವೇ ಹೇಳುತ್ತೆ. ಕೆಲವರಿಗೆ ದೇವಡಿಯವರೆಗೆ, ಕೆಲವರಿಗೆ ಪಡಸಾಲೆಯವರೆಗೆ, ಒಳಮನೆಗೆ ಮಾತ್ರ ತನ್ನವರು. ಬಾಗಿಲ ಹತ್ತಿರವೂ ಬರಬಾರದವರು ಅಂತ ಇದ್ದರಲ್ಲ, ಅವರಿಗೆ ಊರ ಹೊರಗಿನ ಕೇರಿಯೇ ಗತಿ.

ಅದೇ ಊರು ಶ್ರಾವಣದಲ್ಲಿ ಸಾವಿರಾರು ಜನರನ್ನು ಒಟ್ಟಿಗೆ ಕರೆಸ್ಕೊಳ್ತಿತ್ತು. ಪರ್ವತಿ ಗುಡ್ಡದ ಬುಡದಲ್ಲಿ ರಮಣಾ ಅನ್ನೋ ಬಯಲು. ಅಲ್ಲಿ ಪೇಶ್ವೆಗಳು ಬ್ರಾಹ್ಮಣರಿಗೆ ದಕ್ಷಿಣೆ ಹಂಚ್ತಿದ್ದರು. ಕೃಷ್ಣೆಯ ಕೆಳಗಿನ ನಮ್ಮ ಸೀಮೆಯಿಂದಲೂ ವೈದಿಕರು ನಡ್ಕೊಂಡು ಬರೋರು. ಆತಿಥ್ಯ ಧಾರಾಳ, ಆದರೆ ಅದಕ್ಕೆ ಟಿಕೆಟ್ಟು ಹುಟ್ಟು. 1818ರಲ್ಲಿ ಪೇಶ್ವಾಯಿ ಮುಗಿದ ಮೇಲೆ ಇಂಗ್ಲಿಷರು ದಕ್ಷಿಣೆಯನ್ನು ಕತ್ತರಿಸುತ್ತ ಬಂದು ಅದರಲ್ಲಿ ಒಂದಷ್ಟನ್ನು ಓದಿನ ಕಡೆ ತಿರುಗಿಸಿದರು. 1821ರಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯ್ತು. ಅದೇ ಬೆಳೆದು ಡೆಕ್ಕನ್ ಕಾಲೇಜ್ ಆಯ್ತು.

ಇಂಗ್ಲಿಷರು ತಾವು ಎಲ್ಲಿ ಇಳ್ಕೊಂಡ್ರು? ಪೇಠೆಯಿಂದ ದೂರ, ಸಂಗಮದಲ್ಲಿ. ಅಲ್ಲಿದ್ದ ರೆಸಿಡೆನ್ಸಿಯನ್ನು 1817ರ ನವೆಂಬರಿನಲ್ಲಿ, ಖಡಕಿ ಕಾಳಗದ ದಿನ, ಮರಾಠರು ಸುಟ್ಟರು. ಗೆದ್ದ ಮೇಲೆ ಇಂಗ್ಲಿಷರು ಊರ ಪೂರ್ವಕ್ಕೆ ಕ್ಯಾಂಪು ಕಟ್ಟಿಕೊಂಡರು. 1858ರಲ್ಲಿ ರೈಲು ಬಂದಾಗ ಸ್ಟೇಷನ್ನೂ ಪೇಠೆಗಳ ಹೊರಗೆ, ಆ ಕಡೆಗೇ ಬಂತು. ದುಡ್ಡಿಗೆ ಕೋಣೆ ಕೊಡೋ ಇಂಗ್ಲಿಷ್ ಮಾದರಿಯ ಹೋಟೆಲು ಹುಟ್ಟಿದ್ದು ಅಲ್ಲಿ. ಸಂಗಮದ ಸೇತುವೆಗೆ ವೆಲ್ಲೆಸ್ಲಿ ಹೆಸರಿತ್ತು. ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹುಟ್ಟಿದ ಆ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಪುಣೆಗೆ ದಂಡು ತಂದದ್ದು ನಮ್ಮ ಹರಿಹರದಿಂದ. ಅದಕ್ಕೂ ಮುಂಚೆ ಶ್ರೀರಂಗಪಟ್ಟಣದಲ್ಲಿ ಕೂತವನು. ಇದು ಮಾತಿನ ನಡುವೆ ಬಂದದ್ದು, ಬಿಡಿ.

ಈಗ ನಮ್ಮ ಕಡೆಯ ಹುಡುಗರಿಗೆ ಬರೋಣ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಅದಕ್ಕೆ ಮುಂಚೆ ಮುಂಬೈ ಕರ್ನಾಟಕದ ಹುಡುಗ ಬಿ.ಎ. ಮಾಡಬೇಕಂದ್ರೆ ಸಾಮಾನ್ಯವಾಗಿ ಪುಣೆಯ ರೈಲು ಹತ್ತಬೇಕು. ಆಲೂರು ವೆಂಕಟರಾಯರು ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದವರು. ಬೇಂದ್ರೆಯವರೂ ಅಲ್ಲೇ. ದುಡ್ಡಿದ್ದವನಿಗೆ ಹಾಸ್ಟೆಲು. ಇಲ್ಲದವನಿಗೆ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ನಡುವಿನವರಿಗೆ ಖಾನಾವಳಿ. ಈ ಮಾತು ಮರಾಠಿಯಲ್ಲೂ ಇದೆ, ಹುಬ್ಬಳ್ಳಿಯಲ್ಲೂ ಇದೆ, ಅರ್ಥವೂ ಒಂದೇ. ವಾರಾನ್ನ ಉಂಡು ದೊಡ್ಡವರಾದವರ ಕಥೆಗಳನ್ನು ನಾವು ಹೆಮ್ಮೆಯಿಂದ ಹೇಳ್ತೀವಿ. ಹೇಳಲೇಬೇಕು. ಆದರೆ ಏಳು ದಿನಕ್ಕೆ ಏಳು ಮನೆಯ ಬಾಗಿಲು ತೆರೆಯೋದು ಯಾವ ಹುಡುಗನಿಗೆ ಅನ್ನೋದನ್ನೂ ಜೊತೆಗೇ ಹೇಳಬೇಕು. ಜಮಖಂಡಿಯ ಒಬ್ಬ ದಲಿತ ಹುಡುಗ ಅಷ್ಟೇ ಬುದ್ಧಿವಂತನಾಗಿದ್ದರೂ ಅವನಿಗೆ ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ.

ಹುಡುಗರಿಗೇ ಹೀಗಾದರೆ, ಹೆಣ್ಣುಮಗಳು ಒಬ್ಬಳೇ ಬಂದರೆ? ಅದರಲ್ಲೂ ವಿಧವೆ, ಅದರಲ್ಲೂ ಗರ್ಭಿಣಿ? ಈ ಪ್ರಶ್ನೆಗೆ ಪುಣೆಯಲ್ಲಿ ಮೊದಲು ಬಾಗಿಲು ತೆಗೆದವರು ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ. 1863ರಲ್ಲಿ ಅವರು ವಿಧವೆಯರು ಗುಟ್ಟಾಗಿ ಬಂದು ಹೆರಿಗೆ ಮಾಡಿಸ್ಕೊಂಡು ಹೋಗಬಹುದಾದ ಮನೆ ತೆರೆದರು. ಇಲ್ಲದಿದ್ದರೆ ಆ ಹೆಂಗಸರಿಗೆ ಬಾವಿಯೋ ಹೊಳೆಯೋ. ಹಾಗೆ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗನನ್ನೇ ದಂಪತಿ ದತ್ತು ತಗೊಂಡರು. ಅವನೇ ಯಶವಂತ. ಪುಣೆಯ ವಸತಿಗಳ ಚರಿತ್ರೆ ಬರೆದರೆ ನಾನು ಕ್ಯಾಂಪಿನ ಯಾವ ದೊಡ್ಡ ಹೋಟೆಲಿಗಿಂತಲೂ ಈ ಮನೆಯನ್ನು ಮೊದಲು ಇಡ್ತೀನಿ.

ಎರಡನೇ ಹೆಸರು ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಊರವರ ವಿರೋಧ ಕಟ್ಟಿಕೊಂಡು ಕಾಡು ಸೇರಿದವರು. ಆಮೇಲೆ ಆ ಸಂಸಾರ ವರ್ಷಗಟ್ಟಲೆ ಪುರಾಣ ಹೇಳ್ತಾ ದೇಶ ಸುತ್ತಿತು. ಇವತ್ತು ಈ ದೇವಸ್ಥಾನ, ನಾಳೆ ಆ ಛತ್ರ. 1870ರ ದಶಕದ ಬರದಲ್ಲಿ ತಂದೆ ತಾಯಿ ಇಬ್ಬರೂ ತೀರಿಹೋದರು. ಪರಸ್ಥಳದಲ್ಲಿ ರಾತ್ರಿ ತಲೆ ಊರಲು ಜಾಗ ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನು ಆ ಹುಡುಗಿ ಪುಸ್ತಕ ಓದಿ ತಿಳ್ಕೊಂಡಿದ್ದಲ್ಲ.

ಇಂಗ್ಲೆಂಡು, ಅಮೆರಿಕ ನೋಡಿ ಬಂದ ರಮಾಬಾಯಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು, 1890ರಲ್ಲಿ ಅದನ್ನು ಪುಣೆಗೆ ತಂದರು. ಮೇಲ್ಜಾತಿಯ ಎಳೇ ವಿಧವೆಯರಿಗೆ ಉಳಿಯೋಕೆ ಜಾಗ, ಊಟ, ಓದು. ಅವರವರ ಮಡಿಗೆ ಅವಕಾಶವನ್ನೂ ಇಟ್ಟಿದ್ದರು. ಆದರೂ 1893ರಲ್ಲಿ ದೊಡ್ಡ ಗಲಾಟೆ. ರಮಾಬಾಯಿ ಅಷ್ಟರಲ್ಲಾಗಲೇ ಕ್ರೈಸ್ತ ಧರ್ಮಕ್ಕೆ ಸೇರಿದ್ದವರು. ಹುಡುಗಿಯರನ್ನೂ ಮತಾಂತರ ಮಾಡ್ತಿದ್ದಾರೆ ಅಂತ ಕೂಗೆದ್ದು, ಎಷ್ಟೋ ಪಾಲಕರು ಮಕ್ಕಳನ್ನು ಬಿಡಿಸ್ಕೊಂಡು ಹೋದರು. ಈ ಜಗಳದಲ್ಲಿ ಯಾರು ಸರಿ ಅಂತ ಇವತ್ತಿಗೂ ವಾದ ನಡೆಯುತ್ತೆ. ನನಗೆ ಕಾಣೋದು ಇಷ್ಟು: ಬಿಡಿಸ್ಕೊಂಡು ಹೋದವರಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ಕಾಯ್ತಿದ್ದದ್ದು ಹಿತ್ತಲ ಕತ್ತಲ ಕೋಣೆ. ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಒಬ್ಬರು. ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾದರು. ಮುಂದೆ ಊರ ಹೊರಗೆ ಹಿಂಗಣೆಯಲ್ಲಿ ಕರ್ವೆಯವರ ವಿಧವಾಶ್ರಮ ಬೆಳೀತು. ರಮಾಬಾಯಿಯ ಕೆಲಸ ಸೊಲ್ಲಾಪುರದ ರೈಲು ದಾರಿಯ ಕೇಡಗಾಂವಿಗೆ ಹೋಯ್ತು. ಎರಡೂ ಊರ ಹೊರಗೇ, ಗಮನಿಸಿ.

ಇನ್ನೊಬ್ಬರು ವಿಠ್ಠಲ ರಾಮಜಿ ಶಿಂದೆ. ಹುಟ್ಟಿದ್ದು ಜಮಖಂಡಿ, 1873. ತಾರೀಖೂ ಏಪ್ರಿಲ್ 23, ರಮಾಬಾಯಿಯದ್ದೇ! ಮರಾಠಿ ಮನೆಮಾತು, ಕನ್ನಡದ ಸೀಮೆ. ಮರಾಠಿ ಕನ್ನಡಗಳ ನಂಟಿನ ಬಗ್ಗೆ ಬರೆದವರು ಕೂಡ. ಫರ್ಗ್ಯೂಸನ್ನಿನಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಧರ್ಮಗಳ ಅಧ್ಯಯನ ಮಾಡಿ ಬಂದು, 1906ರಲ್ಲಿ ಮುಂಬೈಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದರು. ಪುಣೆಯಲ್ಲಿ ಅದರ ನೆಲೆ ನಾನಾ ಪೇಠೆಯ ಅಹಲ್ಯಾಶ್ರಮ. ಹೆಸರು ಅಹಲ್ಯಾಬಾಯಿ ಹೋಳ್ಕರರದ್ದು. ಅಲ್ಲಿ ಶಾಲೆಯ ಜೊತೆಗೆ ಹಾಸ್ಟೆಲೂ ಇತ್ತು, ಮುಖ್ಯ ಅದು. ಶಾಲೆ ಇದ್ದರೆ ಸಾಲದು. ಹಳ್ಳಿಯಿಂದ ಬಂದ ಹುಡುಗ ರಾತ್ರಿ ಎಲ್ಲಿ ಮಲಗಬೇಕು, ಯಾರ ಮನೆ ನೀರು ಕುಡೀಬೇಕು? ವಾರಾನ್ನದ ಏಳು ಮನೆಗಳಿಗೆ ಬದಲು ಅವನಿಗೆ ಒಂದೇ ಒಂದು ಮನೆ ಕಟ್ಟಿಕೊಟ್ಟರು ಶಿಂದೆ. ಇದಾದ ಮೇಲೂ, 1929ರಲ್ಲಿ ದಲಿತರು ಪರ್ವತಿ ದೇವಸ್ಥಾನಕ್ಕೆ ಹೋಗೋಕೆ ಸತ್ಯಾಗ್ರಹ ಮಾಡಬೇಕಾಯ್ತು. ಯಾವ ಗುಡ್ಡದ ಬುಡದಲ್ಲಿ ದಕ್ಷಿಣೆ ಹಂಚಿದ್ದರೋ ಅದೇ ಗುಡ್ಡ.

ದುಡ್ಡಿಗೆ ಕೋಣೆ ಅನ್ನೋದು ಪೇಠೆಯೊಳಗೆ ಚೆನ್ನಾಗಿ ಬೇರೂರಿದ್ದಕ್ಕೆ ಒಳ್ಳೇ ಗುರುತು ಲಕ್ಷ್ಮೀ ರಸ್ತೆಯ ಪೂನಾ ಗೆಸ್ಟ್ ಹೌಸ್. 1935ರಲ್ಲಿ ಅದನ್ನು ಶುರು ಮಾಡಿದವರು ಮೂಕಿ ಚಿತ್ರಗಳ ನಿರ್ದೇಶಕ ನಾನಾಸಾಹೇಬ ಸರಪೋತದಾರ. ಆಗ ಪ್ರಭಾತ್ ಫಿಲಂ ಕಂಪನಿ ಕೊಲ್ಲಾಪುರದಿಂದ ಪುಣೆಗೆ ಬಂದು ಎರಡು ವರ್ಷ. ನಾಟಕದವರು, ಸಿನಿಮಾದವರಿಗೆ ಸಂಭಾವಿತರ ಮನೆಗಳಲ್ಲಿ ಬಾಡಿಗೆಗೆ ಜಾಗ ಸಿಗೋದು ಕಷ್ಟವಿದ್ದ ಕಾಲ. ಅವರಿಗೊಂದು ಅಡ್ಡಾ ಆಯ್ತು ಅದು. ಪ್ರಭಾತ್ ಸ್ಟುಡಿಯೋ ಆಮೇಲೆ ಫಿಲಂ ಇನ್‌ಸ್ಟಿಟ್ಯೂಟ್ ಆಯ್ತು. ಗಿರೀಶ್ ಕಾರ್ನಾಡ್ ಅದರ ನಿರ್ದೇಶಕರಾಗಿದ್ದರು, ಗಿರೀಶ್ ಕಾಸರವಳ್ಳಿ ಅಲ್ಲಿನ ವಿದ್ಯಾರ್ಥಿ. ಅತ್ತ ಭಾಂಡಾರಕರ್ ಸಂಸ್ಥೆಯ ಆವರಣದಲ್ಲಿ ನಿಜಾಂ ಗೆಸ್ಟ್ ಹೌಸ್ ಇದೆ. ಮಹಾಭಾರತದ ಸಂಶೋಧಿತ ಆವೃತ್ತಿ ತಯಾರಾಗ್ತಿದ್ದ ಕಾಲದಲ್ಲಿ ಪಂಡಿತರು ಉಳ್ಕೊಳ್ಳೋಕೆ ಅಂತ ಹೈದರಾಬಾದಿನ ನಿಜಾಮರು ಕೊಟ್ಟ ದುಡ್ಡಿನಲ್ಲಿ ಕಟ್ಟಿದ್ದು. ಪುಣೆಯಲ್ಲಿ ನನಗೆ ಇಷ್ಟದ ಹೆಸರು ಫಲಕ ಅದು.

ಹೋಟೆಲು ಅಂದ್ರೆ ನಮಗೆ ಕೋಣೆಗಿಂತ ಮೊದಲು ಇಡ್ಲಿ ನೆನಪಾಗುತ್ತೆ. ಪುಣೆಗೂ ಆ ಅರ್ಥ ಕಲಿಸಿದವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಫರ್ಗ್ಯೂಸನ್ ರಸ್ತೆಯ ವೈಶಾಲಿ, ರೂಪಾಲಿಯ ಜಗನ್ನಾಥ ಶೆಟ್ಟರು 2023ರ ನವೆಂಬರಿನಲ್ಲಿ ತೀರಿಹೋದಾಗ ಇಡೀ ಊರೇ ಮರುಗಿತು. ಮೇಜಿನ ಎದುರು ಯಾರು ಕೂತಿದ್ದಾರೆ ಅಂತ ಕೇಳದೆ ಕಾಫಿ ಕುಡಿಯೋದನ್ನು ಊರು ಕಲಿತದ್ದು ಇಂಥ ಜಾಗಗಳಲ್ಲಿ, ಕ್ಯಾಂಪಿನ ಇರಾನಿ ಅಂಗಡಿಗಳಲ್ಲಿ. ಕೋಣೆಯ ವಿಷಯದಲ್ಲಿ ಮಾತ್ರ ಕಲಿಕೆ ನಿಧಾನ. ಪೇಠೆಯ ಒಂದು ಹಳೇ ವಸತಿಗೃಹದಲ್ಲಿ ನನ್ನ ಹೆಸರು ಬರೆಸಿದ ಮೇಲೂ ಗಲ್ಲೆಯಲ್ಲಿದ್ದವರು ಕೇಳಿದ್ದರು, "ಆಡನಾವ್ ಕಾಯ್?" ಅಡ್ಡಹೆಸರು ಏನು ಅಂತ. ರಿಜಿಸ್ಟರಿಗೆ ಬೇಕಿತ್ತೋ ಅವರಿಗೆ ಬೇಕಿತ್ತೋ, ದನಿಯಲ್ಲೇ ಗೊತ್ತಾಗ್ತಿತ್ತು.

ಈಗ ನದಿಗೆ ಬರ್ತೀನಿ. ಹೊಳೆ ಕಾಣೋ ಕೋಣೆ ಬೇಕು ಅನ್ನೋರಿಗೆ ಈ ಮಾತು. 1961ರ ಜುಲೈ 12ರಂದು ಮೇಲೆ ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿಗೆ ಖಡಕವಾಸ್ಲಾ ಅಣೆಕಟ್ಟೂ ಒಡೆಯಿತು. ನಾರಾಯಣ ಪೇಠೆ, ಶನಿವಾರ ಪೇಠೆ, ಕಸಬಾದ ದಂಡೆಯ ವಾಡೆಗಳು ಮಣ್ಣಿನ ಗೋಡೆಯವು, ನೀರಲ್ಲಿ ಕರಗಿದವು. ಊರಿನ ಹಳೇ ಲಕಡಿ ಪೂಲ್, ಅಂದರೆ ಮರದ ಸೇತುವೆ, ಕಟ್ಟಿದ್ದು ಪಾಣಿಪತದ ವರ್ಷ, 1761. ಸರಿಯಾಗಿ ಇನ್ನೂರು ವರ್ಷಕ್ಕೆ ಈ ನೆರೆ. ಮನೆ ಕಳ್ಕೊಂಡವರಿಗಾಗಿ ಗೋಖಲೆ ನಗರ, ಸಹಕಾರ ನಗರದಂಥ ಬಡಾವಣೆಗಳು ಎದ್ದವು. ಆ ನೆರೆ ಒಂದೇ ದಿನದಲ್ಲಿ ಎಷ್ಟೋ ದೇವಡಿ, ಪಡಸಾಲೆ, ಒಳಮನೆಗಳನ್ನು ಸಮ ಮಾಡಿತು. ಇವತ್ತು ದಂಡೆಯ ಮೇಲೆ ಕಾಣೋ ಕಾಂಕ್ರೀಟು ಲಾಡ್ಜುಗಳಲ್ಲಿ ಹೆಚ್ಚಿನವು ಆಮೇಲಿನವು.

ಹಾಗಾಗಿ, ನನ್ನನ್ನು ಕೇಳಿದರೆ: ಚರಿತ್ರೆ ನೋಡೋಕೆ ಬಂದವರು ಪೇಠೆಯೊಳಗೇ ಇಳ್ಕೊಳ್ಳಿ, ಶನಿವಾರವಾಡೆ, ವಿಶ್ರಾಮಬಾಗ್ ಎಲ್ಲ ನಡಿಗೆಯ ದೂರ. ಆದರೆ ಕಾರು ತರಬೇಡಿ, ಓಣಿಗಳು ಪೇಶ್ವೆ ಕಾಲದವು. ಓದು, ಹಸ್ತಪ್ರತಿ ಅಂತ ಬಂದವರಿಗೆ ಡೆಕ್ಕನ್ ಕಡೆ ವಾಸಿ. ಬೆಳಗಿನ ಜಾವದ ರೈಲಿದ್ದರೆ ಸ್ಟೇಷನ್ನು. ಜುಲೈ, ಆಗಸ್ಟಿನಲ್ಲಿ ಬರೋರು ನದಿಪಾತ್ರದ ರಸ್ತೆಗೆ ತಾಗಿದ ಕಟ್ಟಡದಲ್ಲಿ ನೆಲಮಹಡಿ ಬೇಡ ಅನ್ನಿ, ಗಾಡಿಯನ್ನು ದಂಡೆಯಲ್ಲಿ ನಿಲ್ಲಿಸಬೇಡಿ. ಖಡಕವಾಸ್ಲಾದಿಂದ ನೀರು ಬಿಟ್ಟರೆ ಭಿಡೆ ಪೂಲ್ ಮುಳುಗೋದು ಪ್ರತಿ ಮಳೆಗಾಲದ ಮಾತು. ಸಮಯ ಉಳಿದರೆ ನಾನಾ ಪೇಠೆಯ ಕಡೆ ಒಂದು ಸಂಜೆ ನಡೀರಿ. ಅಲ್ಲಿಂದ ಫುಲೆಯವರ ಮನೆಯೂ ದೂರ ಇಲ್ಲ. ಅದರ ಅಂಗಳದಲ್ಲಿ ಒಂದು ನೀರಿನ ತೊಟ್ಟಿ ಇದೆ. 1868ರಲ್ಲಿ ಅವರು ಅದನ್ನು ಅಸ್ಪೃಶ್ಯರು ಅನ್ನಿಸ್ಕೊಂಡವರಿಗೆ ತೆರೆದಿಟ್ಟರು.