ವ್ಯಾಕರಣದ ಪುಸ್ತಕವೂ ಬಾಯಿಮಾತಿನ ಇಂಗ್ಲಿಷೂ

ಊರು ಬಿಟ್ಟು ಬಂದ ಕನ್ನಡಿಗರ ಟ್ರಂಕುಗಳಲ್ಲಿ ಏನೇನಿತ್ತೆಂದು ಪಟ್ಟಿ ಮಾಡಿದರೆ ಎರಡು ಜೊತೆ ಬಟ್ಟೆ, ಮನೆದೇವರ ಪಟ, ಉಪ್ಪಿನಕಾಯಿಯ ಭರಣಿ ಇವುಗಳ ನಡುವೆ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ವ್ಯಾಕರಣದ ಪುಸ್ತಕವೂ ಹಲವರಲ್ಲಿ ಸಿಗುತ್ತಿತ್ತು. ಆ ಪುಸ್ತಕವನ್ನು ನಾವು ಬಾಯಿಪಾಠ ಮಾಡಿದ್ದೆವು. ಆ್ಯಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸಿಗೆ, ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಸ್ಪೀಚಿಗೆ ತಿರುಗಿಸುವುದು ನಮಗೆ ದೋಸೆ ಮಗುಚಿದಷ್ಟು ಸುಲಭವಾಗಿತ್ತು. ಆದರೆ ಮಹಾನಗರದ ಆಫೀಸಿನಲ್ಲಿ ಸಾಹೇಬರ ಮುಂದೆ ನಿಂತು ಎರಡು ದಿನ ರಜೆ ಕೇಳಬೇಕಾದಾಗ ಗಂಟಲು ಒಣಗುತ್ತಿತ್ತು. ರಜಾ ಅರ್ಜಿಯನ್ನು ಒಂದೂ ತಪ್ಪಿಲ್ಲದೆ ಬರೆಯಬಲ್ಲವರು ಅದೇ ಮಾತನ್ನು ಬಾಯಲ್ಲಿ ಹೇಳಲಾರದೆ ಹೋಗುತ್ತಿದ್ದೆವು.

ಇದು ನಮ್ಮ ದಡ್ಡತನವೆಂದು ನಾವು ಬಹುಕಾಲ ನಂಬಿದ್ದೆವು. ಇಂಗ್ಲಿಷು ನಮ್ಮಲ್ಲಿಗೆ ಯಾವ ದಾರಿಯಿಂದ ಬಂತು ಎಂಬುದನ್ನು ನೋಡಿದರೆ ತಪ್ಪು ನಮ್ಮೊಬ್ಬರದೇ ಅಲ್ಲವೆಂದು ತಿಳಿಯುತ್ತದೆ.

ಮೊದಲು ಒಂದು ಸ್ವಾರಸ್ಯದ ಸಂಗತಿ. ನಾವು ಇಂಗ್ಲಿಷ್ ವ್ಯಾಕರಣಕ್ಕೆ ಹೆದರುವ ಮೊದಲೇ ಇಂಗ್ಲಿಷರು ಕನ್ನಡ ವ್ಯಾಕರಣದ ಮುಂದೆ ಬೆವರಿದ್ದರು. ಕಂಪನಿ ಸರಕಾರದ ಎಳೆಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲೆಂದು 1812ರಲ್ಲಿ ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಆರಂಭವಾಯಿತು. ಅಲ್ಲಿ ಮುನ್ಷಿಗಳನ್ನಿಟ್ಟುಕೊಂಡು ತಮಿಳು, ತೆಲುಗು, ಕನ್ನಡಗಳನ್ನು ಕಲಿತು ಅವರು ಪರೀಕ್ಷೆಗೆ ಕೂರಬೇಕಾಗಿತ್ತು. ಬಡ ನೇಕಾರನ ಮಗನಾಗಿ ಹುಟ್ಟಿ, ಜೋಡು ಹೊಲಿಯುವ ಕಸುಬು ಮಾಡುತ್ತಲೇ ಹಲವು ಭಾಷೆಗಳನ್ನು ತಾನೇ ಕಲಿತ ಪಾದ್ರಿ ವಿಲಿಯಂ ಕೇರಿ 1817ರಲ್ಲಿ ಸಿರಾಂಪುರದಲ್ಲಿ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ. 1820ರಲ್ಲಿ ಮದರಾಸಿನಿಂದ ಮೆಕೆರೆಲ್ಲನ ವ್ಯಾಕರಣ ಬಂತು. ರೀವ್ ಸಾಹೇಬನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಹೊರಬಂದವು. ಆದರೆ ಆ ಅಧಿಕಾರಿಗಳಿಗೆ ಒಂದು ಅನುಕೂಲವಿತ್ತು. ಪುಸ್ತಕ ಮುಚ್ಚಿ ಹೊರಗೆ ಬಂದರೆ ಊರತುಂಬ ಕನ್ನಡವೇ. ಕಂದಾಯದ ಲೆಕ್ಕ ಕೇಳಲು, ಜಗಳ ತೀರಿಸಲು ಅವರು ಆಡಲೇಬೇಕಾಗಿತ್ತು. ತಪ್ಪಾಡಿದರೆ ನಗುವ ಧೈರ್ಯವೂ ಕೇಳುವವರಿಗೆ ಇರಲಿಲ್ಲ!

ನಮ್ಮ ಪಾಲಿಗೆ ಬಂದದ್ದು ಇದರ ತಿರುಗುಮುರುಗು. 1835ರ ಮೆಕಾಲೆಯ ಟಿಪ್ಪಣಿಯಿಂದ ಇಂಗ್ಲಿಷ್ ಶಿಕ್ಷಣಕ್ಕೆ ಸರಕಾರದ ಬಲ ಸಿಕ್ಕಿತು. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಹಂಚಿಹೋಗಿದ್ದ ಕನ್ನಡನಾಡಿನ ಹುಡುಗರು ಪರೀಕ್ಷೆಯ ಬಾಗಿಲಲ್ಲೂ ಹಂಚಿಹೋದರು. ಧಾರವಾಡ, ಬೆಳಗಾವಿಯವರು ಮುಂಬಯಿಗೆ ಸೇರಿದರೆ ಬಳ್ಳಾರಿ, ಮಂಗಳೂರಿನವರು ಮದರಾಸಿಗೆ ಸೇರಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಮೈಸೂರು ಸಂಸ್ಥಾನದ ಕಾಲೇಜುಗಳೂ ಮದರಾಸಿಗೇ ಅಂಟಿಕೊಂಡಿದ್ದವು. ಹಾಗೆ ನೋಡಿದರೆ ಮಹಾನಗರದತ್ತ ಮುಖ ಮಾಡುವ ಅಭ್ಯಾಸ ನಮ್ಮವರಿಗೆ ಮೆಟ್ರಿಕ್ಯುಲೇಷನ್ ಕಾಲದಿಂದಲೇ ಬಂದದ್ದು.

ಈ ಮೆಟ್ರಿಕ್ ಪರೀಕ್ಷೆ ಮುಖ್ಯವಾಗಿ ಬರವಣಿಗೆಯ ಪರೀಕ್ಷೆ. ಸರಕಾರಕ್ಕೆ ಬೇಕಾಗಿದ್ದವರು ಕಾಗದಪತ್ರ ನೋಡುವ ಗುಮಾಸ್ತರು. ಗುಮಾಸ್ತನ ಕೈ ಶುದ್ಧವಾಗಿದ್ದರೆ ಸಾಕಾಗಿತ್ತು, ಅವನ ಬಾಯಿಯ ಅಗತ್ಯ ಹೆಚ್ಚೇನೂ ಇರಲಿಲ್ಲ. ಸಾವಿರಾರು ಉತ್ತರಪತ್ರಿಕೆಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಲು ವ್ಯಾಕರಣದಷ್ಟು ಅನುಕೂಲವಾದ ವಿಷಯ ಬೇರೊಂದಿಲ್ಲ. ಮಾತಿಗೆ ಮಾರ್ಕು ಕೊಡುವುದು ಕಷ್ಟ, ಪ್ರಿಪೊಸಿಷನ್ನಿಗೆ ಕೊಡುವುದು ಸುಲಭ. ಹೀಗೆ ಪರೀಕ್ಷೆಯೇ ಪಾಠವನ್ನು ರೂಪಿಸಿತು.

ಆ ವ್ಯಾಕರಣವಾದರೂ ಎಲ್ಲಿಯದು? ಅಮೆರಿಕದಲ್ಲಿ ವಕೀಲಿ ಮಾಡಿ, ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಳಿ ನೆಲೆಸಿದ ಲಿಂಡ್ಲೆ ಮರೆ ಎಂಬಾತ ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗಾಗಿ 1795ರಲ್ಲಿ ಒಂದು ಪುಸ್ತಕ ಬರೆದ. ಅದು ಇಂಗ್ಲಿಷರ ರಾಜ್ಯ ಹಬ್ಬಿದಲ್ಲೆಲ್ಲ ಹಬ್ಬಿತು. ಅದರ ಅಚ್ಚು ಲ್ಯಾಟಿನ್ ವ್ಯಾಕರಣದ್ದು. ಮನೆಯಲ್ಲಿ ಇಂಗ್ಲಿಷು ಆಡುತ್ತಲೇ ಬೆಳೆದ ಮಕ್ಕಳ ಮಾತನ್ನು ತಿದ್ದಿ ನಯಗೊಳಿಸುವುದು ಅದರ ಗುರಿ. ಮಾತೇ ಬಾರದ ಮಕ್ಕಳಿಗೆ ಮಾತು ಕಲಿಸಲು ಅದು ಹುಟ್ಟಿದ್ದಲ್ಲ. ಈಜು ಬಲ್ಲವನ ಕೈಕಾಲಿನ ಲಯ ತಿದ್ದುವ ಪುಸ್ತಕವನ್ನು ನೀರನ್ನೇ ಕಾಣದವನಿಗೆ ಕೊಟ್ಟಂತಾಯಿತು. ಆಮೇಲೆ, ಉತ್ತರ ಹಿಂದೂಸ್ಥಾನದ ವಿದ್ಯಾಖಾತೆಯಲ್ಲಿದ್ದ ನೆಸ್‌ಫೀಲ್ಡನ ವ್ಯಾಕರಣಗಳು 19ನೆಯ ಶತಮಾನದ ಕೊನೆಯಲ್ಲಿ ಬಂದವು. ನಮ್ಮ ಅಜ್ಜಂದಿರ ಬಾಯಲ್ಲಿ ನೆಸ್‌ಫೀಲ್ಡ್ ಎಂಬುದು ಮನುಷ್ಯನ ಹೆಸರಾಗಿರದೆ ಒಂದು ವಿಷಯದ ಹೆಸರೇ ಆಗಿತ್ತು.

1930ರ ದಶಕದ ನಡುವಿನಲ್ಲಿ ಅದರ ಜಾಗಕ್ಕೆ ಬಂದದ್ದು ರೆನ್ ಮತ್ತು ಮಾರ್ಟಿನ್. ಪರ್ಸಿವಲ್ ಕ್ರಿಸ್ಟೊಫರ್ ರೆನ್ (1875-1941) ಮುಂಬಯಿ ಇಲಾಖೆಯ ವಿದ್ಯಾಖಾತೆಯಲ್ಲಿ ಕೆಲಸ ಮಾಡಿದವನು. ಹೊರಗಿನ ಲೋಕಕ್ಕೆ ಅವನು ಸಾಹಸ ಕಾದಂಬರಿಕಾರ. ಫ್ರೆಂಚ್ ವಿದೇಶಿ ಸೈನ್ಯದ ಕಥೆ ಹೇಳುವ ಅವನ ‘ಬೋ ಜೆಸ್ಟ್’ 1924ರಲ್ಲಿ ಪ್ರಕಟವಾಗಿ ಸಿನಿಮಾ ಕೂಡ ಆಯಿತು. ಅಷ್ಟು ರೋಚಕವಾಗಿ ಬರೆಯಬಲ್ಲವನ ಹೆಸರು ನಮ್ಮ ಮಕ್ಕಳಿಗೆ ನಿದ್ದೆ ಬರಿಸುವ ಪುಸ್ತಕದ ಮೇಲೆ ಉಳಿದದ್ದು ವಿಧಿಯ ವಿನೋದವೇ ಸರಿ. ಆದರೂ ಆ ಪುಸ್ತಕವನ್ನು ಹಳಿಯುವುದು ಕೃತಘ್ನತೆಯಾದೀತು. ನಿಯಮ, ಉದಾಹರಣೆ, ಅಭ್ಯಾಸ ಎಂಬ ಅದರ ಕ್ರಮ ಮೇಷ್ಟರಿಲ್ಲದ ಹಳ್ಳಿಯ ಹುಡುಗನಿಗೂ ದಾರಿ ತೋರಿಸಿತು. ಕ್ಲಾರ್ಕು, ಬ್ಯಾಂಕು, ರೈಲ್ವೆ ಪರೀಕ್ಷೆಗಳನ್ನು ದಾಟಿಸಿ ನಮ್ಮಲ್ಲಿ ಎಷ್ಟೋ ಜನರನ್ನು ಈ ಊರುಗಳಿಗೆ ತಂದು ಸೇರಿಸಿದ್ದೇ ಅದು. ಅದು ನಮಗೆ ಕೊಡದೆ ಹೋದದ್ದು ಮಾತು. ಮಾತು ಕೊಡುತ್ತೇನೆಂದು ಅದು ಹೇಳಿಕೊಂಡಿರಲೂ ಇಲ್ಲ.

ಕನ್ನಡಿಗನಿಗೆ ಇಂಗ್ಲಿಷು ಎಲ್ಲಿ ತೊಡಕುತ್ತದೆ ಎಂಬುದನ್ನು ಆ ಪುಸ್ತಕಗಳು ವಿಚಾರಿಸಲೇ ಇಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ಅವರದು ಕರ್ತೃವಿನ ಬೆನ್ನಿಗೇ ಹೊರಡುತ್ತದೆ. ನಾವು ‘ಮನೆಯಲ್ಲಿ’, ‘ಮನೆಗೆ’ ಎಂದು ಪ್ರತ್ಯಯವನ್ನು ಹಿಂದೆ ಹಚ್ಚುತ್ತೇವೆ, ಅವರು ಮುಂದೆ ಬೇರೆ ಪದವನ್ನೇ ಇಡುತ್ತಾರೆ. ‘ಎ’, ‘ದಿ’ಗಳಿಗೆ ಸಮನಾದದ್ದು ನಮ್ಮಲ್ಲಿಲ್ಲ. ಬಸ್ಸು, ಕಾರು, ಪೆನ್ನು ಎಂದು ಕೊನೆಗೊಂದು ಉಕಾರ ಹಚ್ಚದಿದ್ದರೆ ನಮ್ಮ ನಾಲಿಗೆಗೆ ಸಮಾಧಾನವಿಲ್ಲ. ನನಗೆ ಇಬ್ಬರು ಅಣ್ಣಂದಿರು ‘ಇದ್ದಾರೆ’ ಎಂಬುದನ್ನು ನಾವು ‘ಐ ಆ್ಯಮ್ ಹ್ಯಾವಿಂಗ್’ ಎಂದು ಹೇಳಿಬಿಡುತ್ತೇವೆ. ಇನ್ನು ‘ರಾಮನು ದಶರಥನಿಗೆ ಎಷ್ಟನೆಯ ಮಗ?’ ಎಂಬ ಸರಳ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಲು ಹೊರಟರೆ ಪಂಡಿತರೂ ತಡವರಿಸುತ್ತಾರೆ. ‘ಎಷ್ಟನೆಯ’ ಎಂಬ ಒಂದು ಪುಟ್ಟ ಪದ ಆ ದೊಡ್ಡ ಭಾಷೆಯಲ್ಲಿಲ್ಲ! ಇವು ಬುದ್ಧಿಯ ಕೊರತೆಗಳಲ್ಲ, ಎರಡು ಭಾಷೆಗಳ ಮನೆಯ ಕಟ್ಟಡ ಬೇರೆ ಬೇರೆ ಎಂಬುದರ ಗುರುತುಗಳು.

ಪುಸ್ತಕದಾಚೆಗೆ ಒಂದು ಶಾಲೆ ಇತ್ತು. ಮುಂಬಯಿಯ ಹಿರಿಯ ಕನ್ನಡಿಗರಿಗೆ ಅದು ಚೆನ್ನಾಗಿ ಗೊತ್ತು. ಕರಾವಳಿಯಿಂದ ಎಳೆಯ ಪ್ರಾಯದಲ್ಲಿ ಬಂದ ಹುಡುಗರು ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದರು. ಹಗಲು ಆಫೀಸಿನಲ್ಲಿ ದುಡಿದ ಮೇಷ್ಟರು ರಾತ್ರಿ ಅವರಿಗೆ ಟೆನ್ಸುಗಳನ್ನು ಕಲಿಸುತ್ತಿದ್ದರು. ತೂಕಡಿಕೆಯ ನಡುವೆ ಇಂಗ್ಲಿಷ್ ವ್ಯಾಕರಣ ಅವರಿಗೆ ಕಬ್ಬಿಣದ ಕಡಲೆ. ಆದರೆ ಅದೇ ಹುಡುಗ ಮರುದಿನ ಬೆಳಿಗ್ಗೆ ಗಿರಾಕಿಗಳ ಮುಂದೆ ನಿಂತನೆಂದರೆ ಒಬ್ಬನಿಗೆ ಮರಾಠಿಯಲ್ಲಿ, ಇನ್ನೊಬ್ಬನಿಗೆ ಗುಜರಾತಿಯಲ್ಲಿ, ಮತ್ತೊಬ್ಬನಿಗೆ ಹಿಂದಿಯಲ್ಲಿ ತಿಂಡಿಯ ಪಟ್ಟಿ ಒಪ್ಪಿಸುತ್ತಿದ್ದ. ಒಳಗೆ ಅಡಿಗೆಯವರೊಡನೆ ತುಳು, ಗಲ್ಲೆಯ ಧಣಿಯೊಡನೆ ಕನ್ನಡ. ಇವುಗಳಲ್ಲಿ ಮೂರು ಭಾಷೆಗಳನ್ನು ಅವನು ಒಂದು ಪುಟ ವ್ಯಾಕರಣವನ್ನೂ ಓದದೆ ಕಲಿತಿದ್ದ. ಯಾಕೆಂದರೆ ಅಲ್ಲಿ ಅವನ ಗಮನ ಭಾಷೆಯ ಮೇಲಿರಲಿಲ್ಲ, ಕೆಲಸದ ಮೇಲಿತ್ತು. ಗಿರಾಕಿಗೆ ಬೇಕಾದದ್ದು ಬಿಸಿ ಚಹ, ಶುದ್ಧ ವಾಕ್ಯವಲ್ಲ.

ಹೋಟೆಲಿನ ಹುಡುಗ ತಿಳಿಯದೆ ಮಾಡಿ ತೋರಿಸಿದ್ದನ್ನು ವಿದ್ವಾಂಸರು ಶಾಲೆಯೊಳಗೆ ತರಲು ಇನ್ನೂ ಕಾಲ ಬೇಕಾಯಿತು. ಅದರಲ್ಲಿ ಕನ್ನಡನಾಡಿನ ಪಾಲು ದೊಡ್ಡದೆಂಬುದು ನಮಗೆ ಹೆಮ್ಮೆಯ ವಿಷಯ.

1958ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷ್ ಬೋಧನೆಗಾಗಿ ಕೇಂದ್ರ ಸಂಸ್ಥೆ ಸ್ಥಾಪನೆಯಾಯಿತು. ಅದೇ ಈಗ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿದೆ. 1959ರಿಂದ ಅದರ ನಿರ್ದೇಶಕರಾಗಿದ್ದವರು ನಮ್ಮ ಸವಣೂರಿನ ವಿನಾಯಕ ಕೃಷ್ಣ ಗೋಕಾಕರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಆರಂಭಿಸಿ, ಸಾಂಗಲಿ, ಕೊಲ್ಲಾಪುರಗಳಲ್ಲಿ ದುಡಿದ ಅವರೂ ಒಂದರ್ಥದಲ್ಲಿ ಹೊರನಾಡ ಕನ್ನಡಿಗರೇ. ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಆ ಕಾಲದಲ್ಲಿ ನಡೆಯುತ್ತಿದ್ದದ್ದು ವಾಕ್ಯರಚನೆಯ ಪದ್ಧತಿ. ‘ದಿಸ್ ಈಸ್ ಎ ಪೆನ್’, ‘ದಟ್ ಈಸ್ ಎ ಬುಕ್’ ಎಂದು ಒಂದೊಂದೇ ಮಾದರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಇಡೀ ತರಗತಿಯಿಂದ ಒಕ್ಕೊರಲಿನಲ್ಲಿ ಹೇಳಿಸುವುದು. ಬಾಯಿಪಾಠದ ವ್ಯಾಕರಣಕ್ಕಿಂತ ಇದು ಮುಂದಿನ ಹೆಜ್ಜೆಯೇ. ಆದರೂ ತರಗತಿಯಲ್ಲಿ ಸರಿಯಾಗಿ ಹೇಳಿದ ವಾಕ್ಯವನ್ನು ಹೊರಗೆ ಬಂದ ಮಗು ತಪ್ಪಾಗಿಯೇ ಆಡುತ್ತಿತ್ತು.

ಆಗ ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯೊಡಗೂಡಿ 1979ರಿಂದ 1984ರವರೆಗೆ ಒಂದು ಪ್ರಯೋಗ ನಡೆಸಿದರು. ಭಾಷಾಬೋಧನೆಯ ಇತಿಹಾಸದಲ್ಲಿ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳ ಮಕ್ಕಳು, ಒಂದು ಕರಿಹಲಗೆ, ಸೀಮೆಸುಣ್ಣ, ಇಷ್ಟೇ ಸಲಕರಣೆ. ಪಠ್ಯಕ್ರಮದಲ್ಲಿ ವ್ಯಾಕರಣವೇ ಇರಲಿಲ್ಲ, ಮಾಡಬೇಕಾದ ಕೆಲಸಗಳ ಪಟ್ಟಿ ಇತ್ತು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಕ್ಯಾಲೆಂಡರು, ಇಂಥವೇ ಪಾಠಗಳು. ಇಷ್ಟು ಗಂಟೆಯೊಳಗೆ ಮದರಾಸು ಸೇರಬೇಕಾದವನು ಯಾವ ಗಾಡಿ ಹಿಡಿಯಬೇಕು? ಬಸ್ಸು ನಿಲ್ದಾಣದಿಂದ ಆಸ್ಪತ್ರೆಗೆ ಯಾವ ದಾರಿ ಹತ್ತಿರ? ಹೀಗೆಂದುಕೊಳ್ಳಿ. ಮೊದಲು ಮೇಷ್ಟರು ಇಡೀ ತರಗತಿಯೊಡನೆ ಒಂದು ಲೆಕ್ಕವನ್ನು ಪ್ರಶ್ನೋತ್ತರವಾಗಿ ಇಂಗ್ಲಿಷಿನಲ್ಲಿ ಬಿಡಿಸುವರು. ಆಮೇಲೆ ಅಂಥದೇ ಇನ್ನೊಂದನ್ನು ಪ್ರತಿಯೊಬ್ಬನೂ ತಾನೇ ಬಿಡಿಸಬೇಕು. ಮಾರ್ಕು ಉತ್ತರಕ್ಕೆ, ಭಾಷೆಗಲ್ಲ. ತಪ್ಪು ಮಾತು ಬಂದರೆ ಮೇಷ್ಟರು ಸರಿಯಾದ ರೂಪವನ್ನು ಹೇಳಿ ಮುಂದೆ ಸಾಗುವರು, ಅದರ ಮೇಲೆ ಪ್ರವಚನವಿಲ್ಲ. ಮಕ್ಕಳನ್ನು ಗುಂಪುಗೂಡಿಸಿ ಮಾತಾಡಲು ಬಿಡುವುದಕ್ಕೂ ಪ್ರಭು ಒಲವು ತೋರಲಿಲ್ಲ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟೀತೆಂಬ ಎಚ್ಚರ. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ವ್ಯಾಕರಣ ತಾನಾಗಿಯೇ ಒಳಗೆ ಕಟ್ಟಿಕೊಳ್ಳುತ್ತದೆ ಎಂಬುದೇ ಅವರ ನಂಬಿಕೆಯ ತಿರುಳು.

ಫಲವೇನಾಯಿತು? ಬೆರೆಟ್ಟಾ ಮತ್ತು ಡೇವಿಸ್ ಎಂಬ ವಿದ್ವಾಂಸರು ನಡೆಸಿದ ಮೌಲ್ಯಮಾಪನ 1985ರಲ್ಲಿ ಪ್ರಕಟವಾಯಿತು. ಬಿಡಿ ಬಿಡಿಯಾಗಿ ವಾಕ್ಯರಚನೆಯನ್ನು ಪರೀಕ್ಷಿಸಿದಾಗ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು. ಆದರೆ ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ, ಉಕ್ತಲೇಖನದಲ್ಲಿ, ಸಂದರ್ಭದೊಳಗಿಟ್ಟ ವ್ಯಾಕರಣದಲ್ಲಿ ಪ್ರಯೋಗದ ಮಕ್ಕಳೇ ಮೇಲಾದರು. ಪ್ರಯೋಗದ ಮೇಷ್ಟರುಗಳು ಹೆಚ್ಚು ಉತ್ಸಾಹಿಗಳಾಗಿದ್ದರು, ಹೋಲಿಕೆ ಪೂರ್ತಿ ಸಮನಾಗಿರಲಿಲ್ಲ ಎಂಬ ಆಕ್ಷೇಪಣೆಗಳೂ ಬಂದವು, ಅವೂ ನ್ಯಾಯವೇ. ಆದರೂ 1987ರಲ್ಲಿ ಪ್ರಭು ಅವರ ಗ್ರಂಥ ಆಕ್ಸ್‌ಫರ್ಡಿನಿಂದ ಹೊರಬಂದ ಮೇಲೆ ಲೋಕದ ನಾನಾ ಕಡೆ ಭಾಷೆ ಕಲಿಸುವವರು ಬೆಂಗಳೂರಿನ ಹೆಸರು ಹೇಳತೊಡಗಿದರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಅದೇ ವರ್ಷಗಳಲ್ಲಿ, ಇಂಗ್ಲಿಷ್ ಬೋಧನೆಯ ಕೇಂದ್ರ ಸಂಸ್ಥೆಯನ್ನು ನಡೆಸಿದ್ದ ಗೋಕಾಕರೇ ಶಾಲೆಯ ಭಾಷಾನೀತಿಯ ಸಮಿತಿಗೆ ಅಧ್ಯಕ್ಷರಾಗಿದ್ದರು. 1981ರಲ್ಲಿ ಅವರ ಸಮಿತಿ ಪ್ರೌಢಶಾಲೆಗಳಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು ಶಿಫಾರಸು ಮಾಡಿತು. 1982ರ ಚಳವಳಿ ನಮಗೆಲ್ಲ ಗೊತ್ತೇ ಇದೆ. ಇಂಗ್ಲಿಷನ್ನು ಅಷ್ಟು ಬಲ್ಲವರು ಕನ್ನಡದ ಪರ ನಿಂತದ್ದು ಕೆಲವರಿಗೆ ವಿಚಿತ್ರವೆನಿಸಿತು. ಅದರಲ್ಲಿ ವಿಚಿತ್ರವೇನಿಲ್ಲ. 1911ರಲ್ಲಿ ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿ, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ. ಎಂ. ಶ್ರೀಕಂಠಯ್ಯನವರೂ ಇಂಗ್ಲಿಷ್ ಪ್ರೊಫೆಸರರೇ. ಒಂದು ಭಾಷೆಯಲ್ಲಿ ಬೇರು ಬಿಟ್ಟವರು ಇನ್ನೊಂದರಲ್ಲಿ ಧೈರ್ಯವಾಗಿ ಕೊಂಬೆ ಚಾಚಿದರು.

ನಾವು ಮಾಡುತ್ತಿರುವುದೇನು? ನಾವು ಪಟ್ಟ ಅವಮಾನ ಮಕ್ಕಳಿಗೆ ಬೇಡವೆಂದು ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿ, ನಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಅವರನ್ನು ಊಟಕ್ಕೆ ಕರೆಯುತ್ತಿದ್ದೇವೆ. ಹೊರಗಿನವರ ಮುಂದೆ ಮಗು ಒಂದು ತಪ್ಪಾಡಿದರೆ ನಾವೇ ಮೊದಲು ತಿದ್ದುತ್ತೇವೆ. ಮಗು ಬಾಯಿ ಮುಚ್ಚುತ್ತದೆ. ನಮ್ಮನ್ನು ಹೆದರಿಸಿದ್ದ ಮೆಟ್ರಿಕ್ ಪರೀಕ್ಷಕ ಹೀಗೆ ನಮ್ಮ ಊಟದ ಮನೆಗೇ ಬಂದು ಕೂತಿದ್ದಾನೆ.

ಅವನನ್ನು ಎಬ್ಬಿಸಿ ಕಳಿಸಬೇಕಾದವರು ನಾವೇ. ಮಗುವಿಗೆ ಇಂಗ್ಲಿಷಿನಲ್ಲಿ ಒಂದು ಕೆಲಸ ಕೊಡೋಣ. ಊರಿಗೆ ಹೋಗುವ ಗಾಡಿಯ ವೇಳೆ ವಿಚಾರಿಸಿಕೊಂಡು ಬರಲಿ, ನೆರೆಮನೆಯವರಿಗೆ ಬಿಸಿಬೇಳೆಭಾತು ಮಾಡುವ ಕ್ರಮ ಹೇಳಲಿ. ಕೆಲಸವಾಯಿತೇ ಎಂದು ಕೇಳೋಣ, ವಾಕ್ಯ ಸರಿಯಾಗಿತ್ತೇ ಎಂದು ಆ ಹೊತ್ತಿಗೆ ಕೇಳುವುದು ಬೇಡ. ಮಾತು ಹರಿಯತೊಡಗಿದ ಮೇಲೆ ಅದಕ್ಕೆ ದಂಡೆ ಕಟ್ಟಲು ರೆನ್ ಮತ್ತು ಮಾರ್ಟಿನ್ ಕಪಾಟಿನಲ್ಲಿ ಇದ್ದೇ ಇದೆ. ಕೆಲಸ ಮುಗಿಸಿ ಬಂದ ಮಗು ಏನೇನಾಯಿತೆಂಬುದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಲಿ.