ರಬಿನಾಲ್: ನೆನಪನ್ನು ಬಿಟ್ಟುಕೊಡದ ಊರು



ಒಂದು ಜನಾಂಗವನ್ನು ಅಳಿಸಲು ಹೊರಟವರು ಅದರ ಮನೆಗಳನ್ನು ಸುಡಬಹುದು. ಆದರೆ ಆ ಜನರ ಭಾಷೆ, ಕಥೆ, ನೆನಪುಗಳು ಉಳಿದರೆ ಜನಾಂಗವೂ ಉಳಿಯುತ್ತದೆ. ಈ ಮಾತಿಗೆ ಸಾಕ್ಷಿಯಾಗಿ ದೂರದ ಒಂದು ಊರಿನ ಇತಿಹಾಸವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಭೂಪಟ ತೆರೆದು ನೋಡಿ. ಮಧ್ಯ ಅಮೆರಿಕದಲ್ಲಿ ಮೆಕ್ಸಿಕೊಗೆ ತಾಗಿಕೊಂಡಿರುವ ದೇಶ ಗ್ವಾಟೆಮಾಲಾ. ಅಲ್ಲಿನ ಬಾಹಾ ವೆರಾಪಾಸ್ ಪ್ರಾಂತದ ಕಣಿವೆಯೊಂದರಲ್ಲಿ ರಬಿನಾಲ್ ಇದೆ. ಒಂದು ಪೇಟೆ, ಸುತ್ತಲಿನ ಬೆಟ್ಟಗಳಲ್ಲಿ ಹತ್ತಾರು ಹಳ್ಳಿಗಳು. ನಮ್ಮ ತಾಲೂಕಿನಂತಹ ಆಡಳಿತ ಘಟಕ. ಇಲ್ಲಿನ ಬಹುಪಾಲು ಜನ ಮಾಯಾ ಕುಲದ ಅಚಿ ಸಮುದಾಯದವರು. ಅವರ ಮಾತೃಭಾಷೆಯ ಹೆಸರೂ ಅಚಿ. ಮೆಕ್ಕೆಜೋಳ ಅವರ ಮುಖ್ಯ ಬೆಳೆ. ಊರಿನ ಕಿತ್ತಳೆ ಹಣ್ಣೂ, ಮರದ ಕಾಯಿಯ ಗಟ್ಟಿ ಸಿಪ್ಪೆಗೆ ಬಣ್ಣ ಬಳಿದು ಮಾಡುವ ಪಾತ್ರೆಗಳೂ ಹೆಸರುವಾಸಿ.

ಹದಿನಾರನೇ ಶತಮಾನದಲ್ಲಿ ಸ್ಪೇನಿನ ಸೈನಿಕರಿಗೆ ಈ ಪ್ರದೇಶ ಸುಲಭವಾಗಿ ಮಣಿಯಲಿಲ್ಲ. ಅವರು ಇದನ್ನು ‘ಯುದ್ಧಭೂಮಿ’ ಎಂದು ಕರೆದರು. 1537ರಲ್ಲಿ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಸೈನ್ಯವನ್ನು ದೂರವಿಡುವಂತೆ ರಾಜ್ಯಪಾಲರೊಂದಿಗೆ ಒಪ್ಪಂದ ಮಾಡಿಕೊಂಡು, ಬೋಧನೆಯ ಮೂಲಕವೇ ಜನರನ್ನು ತಲುಪಲು ಯತ್ನಿಸಿದರು. ‘ನಿಜವಾದ ಶಾಂತಿ’ ಎಂಬ ಅರ್ಥದ ವೆರಾಪಾಸ್ ಎಂಬ ಹೆಸರು ಬಂದದ್ದು ಹೀಗೆ.

ರಬಿನಾಲಿನ ಅತಿ ದೊಡ್ಡ ಸಂಪತ್ತು ‘ರಬಿನಾಲ್ ಅಚಿ’ ಎಂಬ ನೃತ್ಯನಾಟಕ. ಅದರ ವಸ್ತು ಹದಿನೈದನೇ ಶತಮಾನದ್ದು. ರಬಿನಾಲಿನ ವೀರನೊಬ್ಬ ಕಿಚೆ ರಾಜ್ಯದ ವೀರನನ್ನು ಸೆರೆಹಿಡಿಯುತ್ತಾನೆ. ಸೆರೆಯಾಳು ತಲೆ ತಗ್ಗಿಸುವುದಿಲ್ಲ; ಸಾಯುವ ಮುನ್ನ ತನ್ನ ಬೆಟ್ಟ ಕಣಿವೆಗಳಿಗೆ ವಿದಾಯ ಹೇಳಲು 260 ದಿನಗಳ ಅವಕಾಶ ಬೇಡುತ್ತಾನೆ. ಮಾಯಾ ಪಂಚಾಂಗದ ಒಂದು ಆವರ್ತ ಅಷ್ಟೇ ದಿನಗಳದ್ದು ಎಂಬುದು ಗಮನಾರ್ಹ. ಮರದ ನಗಾರಿ, ಕಹಳೆಗಳೊಂದಿಗೆ ನಡೆಯುವ ಈ ಆಟ ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಬಂತು. ಊರಿನವರೇ ಆದ ಬಾರ್ತೊಲೊ ಸಿಸ್ 1850ರಲ್ಲಿ ಅದನ್ನು ಬರೆದಿಟ್ಟರು. ಅಲ್ಲಿ ಪಾದ್ರಿಯಾಗಿದ್ದ ಫ್ರೆಂಚ್ ವಿದ್ವಾಂಸ ಬ್ರಾಸ್ಯೂರ್ ದ ಬೂರ್‌ಬೂರ್ 1862ರಲ್ಲಿ ಪ್ರಕಟಿಸಿದರು. 2005ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಶ್ರೇಷ್ಠ ಪರಂಪರೆಗಳಲ್ಲಿ ಒಂದೆಂದು ಸಾರಿತು. ಜನವರಿಯಲ್ಲಿ, ಸಂತ ಪಾಲನ ಜಾತ್ರೆಯ ದಿನಗಳಲ್ಲಿ, ಇದನ್ನು ಆಡುತ್ತಾರೆ.

ಇಂತಹ ಊರಿನ ಮೇಲೆ ಎರಗಿದ ದುರಂತವನ್ನು ಹೇಳಲು ಲೇಖನಿ ನಡುಗುತ್ತದೆ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ಚಿಷೋಯ್ ನದಿಗೆ ಅಣೆಕಟ್ಟು ಕಟ್ಟುವಾಗ ರಿಯೊ ನೆಗ್ರೊ ಹಳ್ಳಿಯವರು ತಮ್ಮ ನೆಲ ಬಿಡಲು ಒಪ್ಪಲಿಲ್ಲ. ಅವರಿಗೆ ಬಂಡುಕೋರರೆಂಬ ಹಣೆಪಟ್ಟಿ ಬಿತ್ತು. 1982ರ ಮಾರ್ಚ್ 13ರಂದು ಸೈನಿಕರೂ, ಸೈನ್ಯ ಕಟ್ಟಿದ್ದ ಗಸ್ತುಪಡೆಯವರೂ ಸೇರಿ ಆ ಹಳ್ಳಿಯ 70 ಮಹಿಳೆಯರನ್ನೂ 107 ಮಕ್ಕಳನ್ನೂ ಕೊಂದರು. ಗಸ್ತುಪಡೆಯವರು ಪಕ್ಕದ ಹಳ್ಳಿಯ ಅಚಿ ಜನರೇ ಆಗಿದ್ದರು! ಅದೇ ವರ್ಷ ಜುಲೈ 18ರಂದು, ಸಂತೆಯ ದಿನ, ಪ್ಲಾನ್ ದೆ ಸಾಂಚೆಸ್ ಹಳ್ಳಿಯಲ್ಲಿ 250ಕ್ಕೂ ಹೆಚ್ಚು ಜನ ಹತರಾದರು. ಸತ್ಯಶೋಧನಾ ಆಯೋಗ 1999ರಲ್ಲಿ ಇದನ್ನು ಜನಾಂಗಹತ್ಯೆಯ ಕೃತ್ಯವೆಂದೇ ಕರೆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬದುಕುಳಿದವರು ಬೆದರಿಕೆಗಳ ನಡುವೆಯೂ ಸಾಕ್ಷಿ ನುಡಿದರು. 2004ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಪ್ಲಾನ್ ದೆ ಸಾಂಚೆಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಅದು ಪರಿಹಾರಧನ ಕೊಡಿಸಿ ಸುಮ್ಮನಾಗಲಿಲ್ಲ. ತೀರ್ಪನ್ನು ಅಚಿ ಭಾಷೆಗೆ ಅನುವಾದಿಸಬೇಕು, ಅಚಿ ಸಂಸ್ಕೃತಿಯ ಅಧ್ಯಯನ ನಡೆಯಬೇಕು, ದ್ವಿಭಾಷಾ ಶಿಕ್ಷಣದಲ್ಲಿ ತರಬೇತಿ ಪಡೆದ ಶಿಕ್ಷಕರನ್ನು ಒದಗಿಸಬೇಕು ಎಂದೂ ಆದೇಶಿಸಿತು. ಎರಡು ಭಾಷೆಗಳನ್ನು ಕಲಿಸುವ ನನ್ನಂತಹ ಶಿಕ್ಷಕನಿಗೆ ಈ ಆದೇಶ ಓದಿದಾಗ ಕಣ್ಣು ತುಂಬಿ ಬಂತು. ಮಾತೃಭಾಷೆಯ ಪಾಠವೂ ನ್ಯಾಯದ ಒಂದು ಭಾಗವೆಂದು ನ್ಯಾಯಾಲಯವೇ ಒಪ್ಪಿತಲ್ಲವೇ?

ರಿಯೊ ನೆಗ್ರೊದಲ್ಲಿ ಬದುಕುಳಿದ ಮಕ್ಕಳಲ್ಲಿ ಹೆಸುಸ್ ತೆಕು ಒಸೊರಿಯೊ ಒಬ್ಬರು. ಆಗ ಸುಮಾರು ಹತ್ತು ವರ್ಷದ ಈ ಬಾಲಕನನ್ನು ಗಸ್ತುಪಡೆಯವನೊಬ್ಬ ಮನೆಗೊಯ್ದು ಆಳಾಗಿ ದುಡಿಸಿಕೊಂಡ. ಮುಂದೆ ಅವರೇ ಹಂತಕರ ವಿರುದ್ಧ ಸಾಕ್ಷಿ ಹೇಳಿದರು. 1996ರಲ್ಲಿ ತಮಗೆ ದೊರೆತ ಮಾನವ ಹಕ್ಕು ಪ್ರಶಸ್ತಿಯ ಹಣವನ್ನು ಅಚಿ ಮಕ್ಕಳ ವಿದ್ಯಾಭ್ಯಾಸಕ್ಕೆ ತೊಡಗಿಸಿದರು. ಅವರು ಹುಟ್ಟುಹಾಕಿದ ಸಂಸ್ಥೆಯ ಹೆಸರು ‘ಹೊಸ ಭರವಸೆ’.

ವಿದ್ಯಾರ್ಥಿಗಳೇ, ಸೇಡಿಗೆ ಕಾರಣವಿದ್ದ ಮನುಷ್ಯ ಶಾಲೆ ಕಟ್ಟಿದರು. ರಬಿನಾಲ್ ನಮಗೆ ಕಲಿಸುವ ಪಾಠ ಇದೇ. ಇಂದು ಸಂಜೆ ನಿಮ್ಮ ಮನೆಯ ಹಿರಿಯರ ಬಳಿ ಕುಳಿತು ಅವರ ಕಾಲದ ಒಂದು ಘಟನೆಯನ್ನು ಕೇಳಿ, ಅವರದೇ ಮಾತಿನಲ್ಲಿ ಬರೆದಿಡಿ. ಬಾರ್ತೊಲೊ ಸಿಸ್ ಮಾಡಿದ್ದೂ ಅಷ್ಟೇ.